ಕಲ್ಪಿತ ಯಂತ್ರಗಳ ಜಾಲವೇಗ: ಒಂದು ಪ್ರಬಂಧದ ವಿಮರ್ಶೆ

ಜೆರೆಮಿ ಶುಗರ್‌ಮನ್, ಗಣೇಶ್ ವೆಂಕಿಟಾಚಲಂ, ಬೆಂಗ್-ಹಾಂಗ್ ಲಿಮ್ ಎಂಬ ಮೂವರು 2001ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧವು ವರ್ಚುಯಲ್ ಮಷೀನುಗಳ ಜಾಲಸಂಪರ್ಕವನ್ನು ಕುರಿತದ್ದು. ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಿರ್ಮಿತವಾಗಿ, ಸ್ವತಂತ್ರ ಕಂಪ್ಯೂಟರಿನಂತೆಯೇ ವರ್ತಿಸುವ ಕಲ್ಪಿತ ಯಂತ್ರಕ್ಕೆ ಈ ಹೆಸರು. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಅಪ್ರಸ್ತುತವೆಂದು ತೋರಬಹುದು. ಆದರೆ ನಮ್ಮ ಭೂದಾಖಲೆಗಳೇ ಕಂಪ್ಯೂಟರನ್ನು ಸೇರಿರುವುದರಿಂದ, ಅವು ಕೈಗೆ ದೊರೆಯುವ ಬಗೆಯೂ ನಮ್ಮ ವಿಚಾರಕ್ಕೆ ಒಳಪಟ್ಟದ್ದೇ ಆಗಿದೆ.

ಪ್ರಬಂಧದ ಮುಖ್ಯ ಗುಣವೆಂದರೆ ಕಾರಣಪರೀಕ್ಷೆ. 733 ಮೆಗಾಹರ್ಟ್ಸ್ ವೇಗದ ಪೆಂಟಿಯಂ 3 ಯಂತ್ರವನ್ನು 100 ಮೆಗಾಬಿಟ್ ಈಥರ್ನೆಟ್ಟಿಗೆ ಜೋಡಿಸಿ ಪರೀಕ್ಷಿಸಿದಾಗ, ವೇಗ ಕುಂದಿದ್ದು ತಂತಿಯ ದೋಷದಿಂದಲ್ಲ, ಪ್ರೊಸೆಸರಿನ ಮೇಲೆ ಬಿದ್ದ ಹೊರೆಯಿಂದ ಎಂಬುದು ಸ್ಪಷ್ಟವಾಯಿತು. ಮಾಹಿತಿಯ ಪೊಟ್ಟಣವನ್ನು ಕಳುಹಿಸಲು ನಿಯಂತ್ರಣವು ಕಲ್ಪಿತ ಯಂತ್ರದಿಂದ ಆತಿಥೇಯ ವ್ಯವಸ್ಥೆಗೆ ದಾಟಿ ಮರಳಬೇಕಾಗಿತ್ತು. ಕರ್ತೃಗಳು ಈ ದಾಟುವಿಕೆಯನ್ನು ತಗ್ಗಿಸಿದರು. ಪೊಟ್ಟಣಗಳನ್ನು ಕೂಡಿಸಿಟ್ಟು ಒಟ್ಟಿಗೆ ಸಾಗಿಸಿದರು. ಫಲವಾಗಿ ಕಲ್ಪಿತ ಯಂತ್ರವು ನಿಜಯಂತ್ರದ ಸಾಗಣೆಯನ್ನು ಸರಿಗಟ್ಟಿತು. 2008ರಲ್ಲಿ ರಸ್ಟಿ ರಸೆಲ್ ಪ್ರತಿಪಾದಿಸಿದ ವರ್ಟಿಯೋ ಕ್ರಮವೂ ಇದೇ ಹಾದಿಯದು.

ಆದರೂ ಈ ನಿರ್ಣಯದ ಒರೆಗಲ್ಲು ರಾಶಿಸಾಗಣೆ ಎಂಬುದನ್ನು ಮರೆಯಲಾಗದು. ಪೊಟ್ಟಣಗಳನ್ನು ಕೂಡಿಸಿಡುವುದರಿಂದ ಒಟ್ಟು ಸಾಗಣೆ ಹೆಚ್ಚುತ್ತದೆ. ಮೊದಲು ಬಂದ ಪೊಟ್ಟಣವು ಮಾತ್ರ ಕಾಯಬೇಕಾಗುತ್ತದೆ. ಸಾಗಣೆಯೂ ವಿಳಂಬವೂ ಒಂದೇ ಅಲ್ಲ.

ಈ ಭೇದವು ಮಧುಗಿರಿ ಉಪವಿಭಾಗದಲ್ಲಿ ಅರ್ಥಪೂರ್ಣವಾಗುತ್ತದೆ. ‘ಭೂಮಿ’ ಯೋಜನೆಯ ಆರಂಭದಲ್ಲಿ, 2000ದ ಸುಮಾರಿಗೆ, ಪಹಣಿಯ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿಯೇ ಇದ್ದಿತು. ಅನಂತರ ಅದು ಕೇಂದ್ರೀಕೃತವಾಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ರೈತನು ಕೇಳುವುದು ಒಂದೆರಡು ಪುಟದ ಪಹಣಿ. ಅವನಿಗೆ ಬೇಕಾದುದು ರಾಶಿಸಾಗಣೆಯಲ್ಲ, ಶೀಘ್ರವಾದ ಉತ್ತರ. ಸಾಲಕ್ಕೆ ಅರ್ಜಿ ಹಾಕುವವನಿಗೆ ಒಂದು ದಿನದ ಕೂಲಿ ಹೋಗುವುದೂ ಸಣ್ಣ ನಷ್ಟವಲ್ಲ. ‘ಸರ್ವರ್ ಇಲ್ಲ’ ಎಂಬ ಲೋಕರೂಢಿಯ ಮಾತು ವಿಳಂಬವನ್ನು ಹೆಸರಿಸುತ್ತದೆಯೇ ಹೊರತು ವಿವರಿಸುವುದಿಲ್ಲ. ದೋಷವು ತಂತಿಯದೋ, ಆತಿಥೇಯ ಯಂತ್ರದ್ದೋ, ತಂತ್ರಾಂಶದ್ದೋ ಎಂದು ಬೇರ್ಪಡಿಸಿ ಅಳೆದಲ್ಲದೆ ಪರಿಹಾರವಿಲ್ಲ. ಇಲ್ಲವಾದರೆ ತಂತಿಗೆ ಹಣ ಸುರಿದರೂ ಸರತಿಯ ಸಾಲು ಕರಗದು.

ಈ ಪ್ರಬಂಧದಿಂದ ನಮ್ಮ ಕೇಂದ್ರಗಳ ಯಂತ್ರರಚನೆಯನ್ನು ಊಹಿಸತಕ್ಕದ್ದಲ್ಲ; ಅದರ ಪರೀಕ್ಷಾಕ್ರಮವನ್ನು ಮಾತ್ರ ಗ್ರಹಿಸತಕ್ಕದ್ದು. ಒಂದು ಘಟನೆಗೆ ಹಲವು ಕಾರಣಗಳು ಸಾಧ್ಯವಿರುವಾಗ ಸಮೀಪದ ಕಾರಣವನ್ನೇ ನಿಜವೆಂದು ಭಾವಿಸಬಾರದೆಂಬುದು ಚರಿತ್ರೆಯ ಪಾಠವೂ ಹೌದು. ಆದಕಾರಣ ಈ ಪ್ರಬಂಧವು ನಮ್ಮ ವಿದ್ಯಾರ್ಥಿಗಳಿಗೂ ಪಠನಾರ್ಹವಾಗಿದೆ.