ಮಣ್ಣಿನ ಮನೆ ಯಾರಿಗೆ?

ಊರಿಗೆ ಹೋದಾಗ, ವಿರೂಪಾಕ್ಷಿಪುರದಲ್ಲಿರೋ ದೊಡ್ಡಪ್ಪನಿಗೆ ಚಿತ್ರಾ ವಿಶ್ವನಾಥ್ ಕಟ್ಟಿದ ಮನೆಯೊಂದರ ಫೋಟೋ ತೋರಿಸಿದೆ. ಪ್ಲಾಸ್ಟರ್ ಇಲ್ಲದ ಮಣ್ಣುಬಣ್ಣದ ಗೋಡೆ. ‘ಚೆನ್ನಾಗೈತೆ. ಆದ್ರೆ ಮಣ್ಣಿನ ಗೋಡೆ ಬಿಟ್ಟು ಬರಕ್ಕೆ ಅಂತ್ಲೇ ಕಣಪ್ಪ ನಾವು ಇಷ್ಟು ವರ್ಷ ದುಡಿದಿದ್ದು’ ಅಂದರು. ಚಿತ್ರಾ ಅವರ ಕೆಲಸ ಮೆಚ್ಚುವ ನಮ್ಮಂಥವರು ಈ ಮಾತಿಗೆ ಉತ್ತರ ಹೇಳಬೇಕಾಗುತ್ತೆ.

ಅಹಮದಾಬಾದಿನ ಸೆಪ್ಟ್‌ನಲ್ಲಿ ಓದಿದ ಚಿತ್ರಾ 1990ರ ದಶಕದ ಶುರುವಿನಿಂದ ಬೆಂಗಳೂರಿನಲ್ಲಿ ಕಟ್ಟಡ ವಿನ್ಯಾಸ ಮಾಡುತ್ತಿದ್ದಾರೆ. ಸೈಟಿನಲ್ಲಿ ಅಗೆದ ಮಣ್ಣನ್ನೇ ಜರಡಿ ಹಿಡಿದು, ಸ್ವಲ್ಪ ಸಿಮೆಂಟ್ ಬೆರೆಸಿ, ಮಷೀನಿನಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಇಟ್ಟಿಗೆ ತಯಾರು. ಗೂಡು ಬೇಡ, ಸೌದೆ ಬೇಡ. ವಿದ್ಯಾರಣ್ಯಪುರದ ಅವರ ಸ್ವಂತ ಮನೆಯೂ ಮಣ್ಣಿನದ್ದೇ. ತಾರಸಿಯಲ್ಲಿ ಮಳೆನೀರು ಹಿಡಿದು ಭತ್ತವನ್ನೂ ಬೆಳೆದಿದ್ದಾರೆ.

ಜರ್ಮನಿಯ ಆನ್ನಾ ಹೆರಿಂಗರ್ ಜೊತೆ ಹೋಲಿಸಿ ನೋಡಿ. ಬಾಂಗ್ಲಾದೇಶದ ರುದ್ರಾಪುರದಲ್ಲಿ ಮಣ್ಣು, ಬಿದಿರಿನ ಶಾಲೆ ಕಟ್ಟಿದ್ದಕ್ಕೆ 2007ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ಈಗ ಗೌರವ ಪ್ರಾಧ್ಯಾಪಕಿ. ಅಲ್ಲಿನ ಮಣ್ಣಿನ ಗೋಡೆಗೆ ಸಿಮೆಂಟ್ ಬೆರೆಸಿಲ್ಲ, ಹುಲ್ಲು ಹಾಕಿ ತುಳಿದದ್ದು. ಆ ಲೆಕ್ಕದಲ್ಲಿ ಚಿತ್ರಾ ರಾಜಿಯಾದವರು. ಆದರೆ 30–40ರ ಸೈಟಿನಲ್ಲಿ ಅಂಥ ದಪ್ಪ ಗೋಡೆ ಎಬ್ಬಿಸಿದರೆ ಒಳಗೆ ಉಳಿಯೋದೇನು? ರಾಜಿಯಾಗಿದ್ದಕ್ಕೇ ಮಣ್ಣು ಮಧ್ಯಮವರ್ಗದ ಮಹಡಿ ಮನೆಗೂ ಬಂತು. ನನಗೆ ಅದು ಸಣ್ಣ ಸಾಧನೆ ಅನ್ನಿಸಲ್ಲ.

ನನ್ನ ತಕರಾರು ಬೇರೆ. ಮಣ್ಣಿನ ಇಟ್ಟಿಗೆಯ ಈ ತಂತ್ರವನ್ನು ಪಳಗಿಸಿದ್ದರಲ್ಲಿ ಐಐಎಸ್‌ಸಿಯ ‘ಅಸ್ತ್ರ’ದ ಪಾಲು ದೊಡ್ಡದು. 1974ರಲ್ಲಿ ಅದು ಹುಟ್ಟಿದ್ದೇ ಹಳ್ಳಿಗಳಿಗಾಗಿ. ಅದರ ಹಳ್ಳಿ ಕೇಂದ್ರ ಇದ್ದಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಹಳ್ಳಿಗೆ ಅಂತ ಮಾಡಿದ್ದು ಕೊನೆಗೆ ಪೇಟೆಯವರ ಅಭಿರುಚಿಯಾಯ್ತು. ಇಲ್ಲಿ ಮಣ್ಣಿನ ಗೋಡೆಗೆ ಮ್ಯಾಗಜೀನ್ ಫೋಟೋ, ಅಲ್ಲಿ ‘ಕಚ್ಚಾ ಮನೆ’ ಅನ್ನೋ ಹೆಸರು. ಇದು ಚಿತ್ರಾ ಒಬ್ಬರ ತಪ್ಪಲ್ಲ, ಕರೆದವರಿಗೆ ತಾನೇ ಆರ್ಕಿಟೆಕ್ಟ್ ಕಟ್ಟಿಕೊಡೋದು? ಆದರೆ ಅವರ ಕೆಲಸವನ್ನು ‘ಹಳ್ಳಿಗೆ ಮರಳುವುದು’ ಅಂತ ಹೊಗಳೋದು ಸುಳ್ಳು. ಅದು ಒಳ್ಳೆಯ ನಗರ ವಾಸ್ತುಶಿಲ್ಪ. ಹಾಗಂದರೆ ಗೌರವವೇನೂ ಕಮ್ಮಿಯಾಗಲ್ಲ.

ಹೊರಡುವಾಗ ದೊಡ್ಡಪ್ಪ ಮತ್ತೆ ಫೋಟೋ ಕೇಳಿದರು. ‘ಈ ಇಟ್ಗೆ ಮಿಷನ್ನು ಬಾಡಿಗೆಗೆ ಸಿಕ್ತದಾ? ನಮ್ಮ ಗಾರೆ ಕೆಲಸದೋರಿಗೆ ಕಲಿಸ್ತಾರಾ?’

ವಿಮರ್ಶೆ ಬರೆಯೋ ನಾವು ಯಾರೂ ಕೇಳದ ಪ್ರಶ್ನೆ ಅದು.