ಪುಸ್ತಕೋದ್ಯಮದ ಭವಿತವ್ಯ: ಒಂದು ಸಮ್ಮೇಳನದ ವಿಮರ್ಶೆ

ಕಳೆದ ತಿಂಗಳು ನಮ್ಮ ಜಿಲ್ಲೆಯ ಮುಖ್ಯಸ್ಥಳದಲ್ಲಿ ಪ್ರಕಾಶಕರೂ ಪುಸ್ತಕವ್ಯಾಪಾರಿಗಳೂ ಗ್ರಂಥಕರ್ತರೂ ಒಂದೆಡೆ ನೆರೆದು, ಕನ್ನಡ ಪುಸ್ತಕೋದ್ಯಮದ ಮುಂದಿನ ಗತಿಯೇನೆಂಬುದನ್ನು ಕುರಿತು ಒಂದು ದಿನದ ಸಮ್ಮೇಳನವನ್ನು ನಡೆಯಿಸಿದರು. ಬೆಳಗಿನ ಉದ್ಘಾಟನೆಯಿಂದ ಸಾಯಂಕಾಲದ ವಂದನಾರ್ಪಣೆಯವರೆಗೆ ಎದ್ದುಹೋಗದೆ ಕುಳಿತಿದ್ದ ಕೆಲವೇ ಮಂದಿಯಲ್ಲಿ ನಾನೂ ಒಬ್ಬನಾದುದರಿಂದ, ಅಲ್ಲಿ ಓದಲ್ಪಟ್ಟ ಪ್ರಬಂಧಗಳ ಗುಣದೋಷಗಳನ್ನು ವಿವೇಚಿಸಿ ಬರೆಯಬೇಕೆಂದು ಈ ಪತ್ರಿಕೆಯ ಸಂಪಾದಕರು ಅಪ್ಪಣೆ ಮಾಡಿದ್ದಾರೆ. ಕಾವ್ಯವನ್ನೋ ನಾಟಕವನ್ನೋ ವಿಮರ್ಶಿಸುವಂತೆ ಸಮ್ಮೇಳನವೊಂದನ್ನು ವಿಮರ್ಶಿಸುವುದುಂಟೇ ಎಂದು ವಾಚಕರು ಕೇಳಬಹುದು. ತಿಳಿದವರು ಹಲವರು ಒಂದೇ ವಿಷಯವನ್ನು ಕುರಿತು ದಿನವೆಲ್ಲ ಮಾತನಾಡಿದರೆ ಅದೂ ಒಂದು ಕೃತಿಯೇ ಸರಿ. ಉಕ್ತ, ಅನುಕ್ತ, ದುರುಕ್ತಗಳನ್ನು ಪರಿಶೀಲಿಸುವುದು ವಾರ್ತಿಕಕಾರನ ಕೆಲಸವೆಂದು ಪಾಠಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಆ ಸಮ್ಮೇಳನದಲ್ಲಿ ಉಕ್ತವೇನೋ ಬೇಕಾದಷ್ಟಿತ್ತು. ನನ್ನನ್ನು ಹೆಚ್ಚಾಗಿ ಕಾಡಿದುದು ಅನುಕ್ತ.

ಮೊದಲು ಶಬ್ದವನ್ನೇ ನೋಡೋಣ. ಉದ್ಯಮವೆಂದರೆ ಸಂಸ್ಕೃತದಲ್ಲಿ ಪ್ರಯತ್ನ, ಎತ್ತಿ ಹಿಡಿದ ಕಾರ್ಯಶಕ್ತಿ. ಈಗ ನಾವು ಅದನ್ನು ಕೈಗಾರಿಕೆಯೆಂಬ ಅರ್ಥದಲ್ಲಿ ಬಳಸುತ್ತೇವೆ. ಶಬ್ದಗಳ ಅರ್ಥ ಕಾಲಕ್ರಮದಲ್ಲಿ ಹೊರಳುವುದು ಸಹಜವೇ. ಅದಕ್ಕಾಗಿ ನಾನು ಜಗಳವಾಡುವವನಲ್ಲ. ಆದರೆ ಆ ದಿನದ ಭಾಷಣಕಾರರೆಲ್ಲರೂ ಎರಡನೆಯ ಅರ್ಥವನ್ನೇ ಹಿಡಿದು ಮೊದಲನೆಯದನ್ನು ಸಂಪೂರ್ಣವಾಗಿ ಮರೆತದ್ದು ಮಾತ್ರ ಗಮನಕ್ಕೆ ಬಾರದೆ ಹೋಗಲಿಲ್ಲ. ಕಾಗದದ ಬೆಲೆ, ಮಳಿಗೆಯ ಬಾಡಿಗೆ, ವ್ಯಾಪಾರಿಯ ಕಮಿಷನ್ನು, ಅಂಚೆಯ ವೆಚ್ಚ, ಇವುಗಳನ್ನು ಕುರಿತು ಗಂಟೆಗಟ್ಟಲೆ ಮಾತು ನಡೆಯಿತು. ಮುದ್ರಿತ ಪುಸ್ತಕಕ್ಕೆ ತೆರಿಗೆಯಿಲ್ಲ, ಆದರೆ ಅದು ಅಚ್ಚಾಗುವ ಕಾಗದಕ್ಕುಂಟು; ಆ ಭಾರವನ್ನು ಪ್ರಕಾಶಕನು ಯಾರಿಂದಲೂ ಮರಳಿ ಪಡೆಯಲಾರನು ಎಂದು ಒಬ್ಬರು ಚೆನ್ನಾಗಿ ವಿವರಿಸಿದರು. ಅದು ನ್ಯಾಯವಾದ ದೂರು.

ಪೂರ್ವಾಹ್ನದ ಮುಖ್ಯ ಪ್ರಬಂಧವು ಯಂತ್ರಗಳ ವಿಷಯವಾಗಿತ್ತು. ಇನ್ನು ಇಪ್ಪತ್ತು ವರ್ಷಗಳಲ್ಲಿ ಕಾಗದದ ಪುಸ್ತಕವೇ ಇರಲಾರದು, ಎಲ್ಲರೂ ಅಂಗೈಯಗಲದ ಫಲಕದ ಮೇಲೆಯೇ ಓದುವರು, ಕೇಳುವರು ಎಂಬುದು ಅದರ ಪೂರ್ವಪಕ್ಷ. ಭವಿಷ್ಯವನ್ನು ನುಡಿಯುವ ವಿದ್ಯೆ ನನಗೆ ತಿಳಿಯದು. ನಡೆದುಹೋದುದನ್ನು ಮಾತ್ರ ಹೇಳಬಲ್ಲೆನು. ಓಲೆಗರಿಯ ಮೇಲೆ ಕಂಠದಿಂದ ಕೊರೆಯುತ್ತಿದ್ದ ಕನ್ನಡವು 1817ರಲ್ಲಿ ಕೇರಿಯ ವ್ಯಾಕರಣದ ಮೂಲಕ ದೂರದ ಶ್ರೀರಾಮಪುರದಲ್ಲಿ ಅಚ್ಚಿನ ಮೊಳೆಯನ್ನೇರಿತು. 1843ರಲ್ಲಿ ಮೋಗ್ಲಿಂಗನ ಮಂಗಳೂರ ಸಮಾಚಾರವು ಕಲ್ಲಚ್ಚಿನಲ್ಲಿ ಹೊರಟಿತು. ಕಲ್ಲು ಹೋಗಿ ಸೀಸ ಬಂದಿತು, ಸೀಸ ಹೋಗಿ ಗಣಕ ಬಂದಿತು. ಪ್ರತಿಯೊಂದು ಸಲವೂ ಹಳೆಯ ಗ್ರಂಥಗಳಲ್ಲಿ ಕೆಲವು ದಾಟಿ ಬಂದುವು, ಕೆಲವು ದಡದಲ್ಲಿಯೇ ಉಳಿದುವು. ಯಾವುವು ದಾಟಿದುವೆಂದು ವಿಚಾರಿಸಿದರೆ, ಯಾರೋ ಒಬ್ಬರು ಕುಳಿತು ಪ್ರತಿಗಳನ್ನು ತಾಳೆನೋಡಿ ತಿದ್ದಿದಂಥವು ಮಾತ್ರವೇ ಎಂದು ತಿಳಿಯುತ್ತದೆ. ಕಿಟ್ಟೆಲನು 1872ರಲ್ಲಿ ಶಬ್ದಮಣಿದರ್ಪಣವನ್ನು ಹೊರತಂದನು. ಕೆ.ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನು ಪರಿಷ್ಕರಿಸಿ ಅಚ್ಚುಹಾಕಿಸಿದರು. ಹಾಗೆ ಮಾಡದಿದ್ದರೆ ನೃಪತುಂಗನ ಆಸ್ಥಾನದ ಆ ಗ್ರಂಥವು ಯಾವ ಫಲಕದ ಮೇಲೆ ಮೂಡೀತು?

ಮತ್ತೊಂದು ಮಾತು. ಯಂತ್ರವು ಬಂದೊಡನೆ ಮಧ್ಯವರ್ತಿಯ ಕಾಟ ತಪ್ಪುವುದೆಂದು ಪ್ರಬಂಧಕಾರರು ಬಹಳ ಉತ್ಸಾಹದಿಂದ ಹೇಳಿದರು. ನಮ್ಮ ಶಾಸ್ತ್ರಗಳಲ್ಲಿ ಘಟ್ಟಕುಟೀಪ್ರಭಾತ ನ್ಯಾಯವೆಂಬುದೊಂದುಂಟು: ಸುಂಕ ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದವನಿಗೆ ಬೆಳಗಾದುದು ಸುಂಕದ ಕಟ್ಟೆಯ ಮುಂದೆಯೇ. ಊರಿನ ಪುಸ್ತಕದಂಗಡಿಯವನನ್ನು ಬಿಟ್ಟು ಓಡಿದ ಪ್ರಕಾಶಕನು ಸಮುದ್ರದಾಚೆಯ ಕಂಪೆನಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅಂಗಡಿಯವನಾದರೋ ಕನ್ನಡ ಬಲ್ಲವನು. 2016ರ ಕೊನೆಯಲ್ಲಿ ಅಮೆಜಾನ್ ಕಂಪೆನಿಯು ತನ್ನ ಕಿಂಡಲ್ ಪುಸ್ತಕಗಳಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಎಂಬ ಐದು ಭಾಷೆಗಳನ್ನು ಸೇರಿಸಿದಾಗ ನಮ್ಮ ಭಾಷೆ ಆ ಪಂಕ್ತಿಯಲ್ಲಿರಲಿಲ್ಲ. ಪರರ ಛತ್ರದಲ್ಲಿ ಎಲೆ ಹಾಕುವವರು ಅವರೇ.

ಅಪರಾಹ್ನದ ಗೋಷ್ಠಿ ಸಗಟು ಖರೀದಿಯನ್ನು ಕುರಿತದ್ದು. ಇಲ್ಲಿ ಸಭೆ ನಿಜವಾಗಿ ಎಚ್ಚತ್ತಿತು. ಊಟದ ಮೇಲೆ ತೂಗುತ್ತಿದ್ದವರೂ ನೆಟ್ಟಗೆ ಕುಳಿತರು. 1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದಂತೆ ಮನೆಕಂದಾಯದೊಡನೆ ಗ್ರಂಥಾಲಯದ ಕರವೂ ವಸೂಲಾಗುತ್ತದೆ. ಆ ಹಣದಿಂದ ಸರ್ಕಾರವು ಆಯ್ದ ಪುಸ್ತಕಗಳ ಮುನ್ನೂರು ಮುನ್ನೂರು ಪ್ರತಿಗಳನ್ನು ಕೊಂಡು ಗ್ರಂಥಾಲಯಗಳಿಗೆ ಹಂಚುತ್ತ ಬಂದಿದೆ. ಇದರಿಂದ ಕನ್ನಡ ಪ್ರಕಾಶನಕ್ಕೆ ಉಪಕಾರವಾಗಿಲ್ಲವೆಂದರೆ ಕೃತಘ್ನತೆಯಾದೀತು. ಬಡ ಗ್ರಂಥಕರ್ತನ ಎಷ್ಟೋ ಕವನಸಂಗ್ರಹಗಳು ಬೆಳಕು ಕಂಡದ್ದು ಇದರಿಂದಲೇ. ಪುರಸಭೆ ನಗರಸಭೆಗಳು ಜನರಿಂದ ಪಡೆದ ಕರವನ್ನು ಗ್ರಂಥಾಲಯಗಳಿಗೆ ಸಲ್ಲಿಸುವುದರಲ್ಲಿ ತೋರುವ ವಿಳಂಬವನ್ನು ಭಾಷಣಕಾರರು ಖಂಡಿಸಿದುದೂ ಸರಿಯೇ.

ಆದರೆ ದುರುಕ್ತವು ಇಲ್ಲಿಯೇ ಅಡಗಿದೆ. ಪುಸ್ತಕದ ಬೆಲೆಯನ್ನು ಪುಟದ ಲೆಕ್ಕದಲ್ಲಿ ಕಟ್ಟುವ ಪದ್ಧತಿಯಿಂದ ಏನಾಗುವುದೆಂಬುದನ್ನು ಯಾರೂ ಹೇಳಲಿಲ್ಲ. ನೂರು ಪುಟಗಳಲ್ಲಿ ಮುಗಿಯಬೇಕಾದುದು ನೂರೈವತ್ತಾಗುತ್ತದೆ. ಅಕ್ಷರಗಳು ಸ್ಥೂಲವಾಗುತ್ತವೆ, ಅಂಚುಗಳು ಅಗಲವಾಗುತ್ತವೆ, ಮುನ್ನುಡಿಗೆ ಹಿನ್ನುಡಿ, ಹಿನ್ನುಡಿಗೆ ಬೆನ್ನುಡಿ ಜೊತೆಗೂಡುತ್ತವೆ. ಇದಕ್ಕಿಂತಲೂ ಹಿರಿದಾದ ಕೇಡು ಬೇರೊಂದುಂಟು. ಮುನ್ನೂರು ಪ್ರತಿಗಳಿಗೆ ಕೊಳ್ಳುವವರು ಮೊದಲೇ ಗೊತ್ತಾಗಿದ್ದರೆ, ಪ್ರಕಾಶಕನಿಗೆ ಓದುವವನನ್ನು ಹುಡುಕಿಕೊಂಡು ಹೋಗುವ ಗರಜೇ ಇರುವುದಿಲ್ಲ. ಆಯ್ಕೆಯ ಸಮಿತಿಯೇ ಅವನ ವಾಚಕವರ್ಗವಾಗುತ್ತದೆ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗಳಲ್ಲಿ ಬರೆಯಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. 2011ರ ಜನಗಣತಿಯಂತೆ ಆರು ಕೋಟಿಗೂ ಮೀರಿದ ಜನರಿರುವ ನಾಡಿನಲ್ಲಿ, ಯಂತ್ರಗಳ ಸಹಾಯವಿದ್ದೂ, ನಾವು ಮುನ್ನೂರನ್ನು ನಾನೂರು ಮಾಡಿರೆಂದು ಕೈಮುಗಿಯುತ್ತಿದ್ದೇವೆ! ಆ ನಿರ್ಣಯವು ಕರತಾಡನಗಳೊಡನೆ ಸರ್ವಾನುಮತದಿಂದ ಅಂಗೀಕೃತವಾಯಿತು.

ಇನ್ನು ಅನುಕ್ತದ ವಿಚಾರ. ಬೆಳಗಿನಿಂದ ಸಂಜೆಯವರೆಗೆ ಕರಡಚ್ಚು ಎಂಬ ಮಾತು ಒಬ್ಬರ ಬಾಯಿಂದಲೂ ಹೊರಡಲಿಲ್ಲ. ಪುಸ್ತಕವನ್ನು ಮಾರುವುದು ಹೇಗೆಂದು ವಿಚಾರಿಸಿದರೇ ಹೊರತು, ಮಾರತಕ್ಕ ವಸ್ತು ಶುದ್ಧವಾಗಿದೆಯೇ ಎಂದು ವಿಚಾರಿಸಲಿಲ್ಲ. ಸಮ್ಮೇಳನದಲ್ಲಿ ಎಲ್ಲರಿಗೂ ಒಂದು ಸ್ಮರಣಸಂಚಿಕೆಯನ್ನು ಕೊಟ್ಟರು. ಸ್ಥಾಲೀಪುಲಾಕನ್ಯಾಯದಿಂದ ಒಂದು ಅಗುಳನ್ನು ಹಿಸುಕಿ ನೋಡಿದೆನು. ಸರ್ಕಾರದ ಧನಸಹಾಯವು ಅದರಲ್ಲಿ ಮೂರು ಕಡೆ ದನಸಹಾಯವಾಗಿತ್ತು. ದನವೂ ಒಂದು ಬಗೆಯ ಧನವೇ ಎಂದು ಸಮಾಧಾನ ಹೇಳಬಹುದು. ಆದರೆ ಅದೇ ಸಂಚಿಕೆಯಲ್ಲಿ ಅರ್ಥವು ಅರ್ತವೂ, ವಿಮರ್ಶೆಯು ವಿಮಶೆರ್ಯೂ ಆಗಿದ್ದುವು. ಮೊದಲಿನೆರಡು ಮನುಷ್ಯನ ದೋಷ. ಕೊನೆಯದು ಯಂತ್ರದ ದೋಷ: ಹಳೆಯ ಲಿಪಿತಂತ್ರಾಂಶದಲ್ಲಿ ಜೋಡಿಸಿದ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು ತನ್ನ ಅಕ್ಷರವನ್ನು ಬಿಟ್ಟು ನೆರೆಮನೆಗೆ ಹೋಗಿ ಕುಳಿತುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತುದು 1991ರಲ್ಲಿ. ಆದರೂ ಅನೇಕ ಅಚ್ಚುಕೂಟಗಳು ಇಂದಿಗೂ ಹಳೆಯ ತಂತ್ರಾಂಶವನ್ನು ಬಿಟ್ಟಿಲ್ಲ. ಹಾಗೆ ಜೋಡಿಸಿದ ಪುಸ್ತಕವನ್ನು ನಾಳೆ ಫಲಕಕ್ಕೆ ಏರಿಸಹೊರಟರೆ ಸಾವಿರ ಸಾವಿರ ಅರ್ಕಾವೊತ್ತುಗಳನ್ನು ಹಿಡಿದು ಮನೆಗೆ ತರುವವರು ಯಾರು? ಯಂತ್ರಪ್ರಬಂಧದ ಕರ್ತರು ಇದನ್ನು ಹೇಳಬೇಕಾಗಿದ್ದಿತು, ಹೇಳಲಿಲ್ಲ.

ಓಲೆಯ ಕಾಲದ ಲಿಪಿಕಾರನು ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಂಡು ಕೈಮುಗಿಯುತ್ತಿದ್ದನು. ಸೀಸದ ಮೊಳೆಯ ಕಾಲದಲ್ಲಿ ಕೊನೆಯ ಪುಟಕ್ಕೆ ತಪ್ಪು ಒಪ್ಪುಗಳ ಪಟ್ಟಿಯನ್ನು ಅಂಟಿಸುತ್ತಿದ್ದರು. ಈಗ ಎರಡೂ ಇಲ್ಲ. ಪ್ರಕಾಶಕರನ್ನು ಕೇಳಿದರೆ ಕರಡು ತಿದ್ದುವವನಿಗೆ ಕೊಡಲು ಹಣವೆಲ್ಲಿ ಎನ್ನುತ್ತಾರೆ. ಮುಖಪುಟದ ಬಣ್ಣಕ್ಕೆ ಹಣವಿರುವುದು ಮಾತ್ರ ಕಣ್ಣಿಗೆ ಕಾಣುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಲ್ಲಿ ಮೊದಲನೆಯ ಸಂಪುಟವನ್ನೂ 1995ರಲ್ಲಿ ಎಂಟನೆಯದನ್ನೂ ಕಂಡಿತು. ಅದನ್ನು ಮನೆಯಲ್ಲಿಟ್ಟುಕೊಂಡವರು ಒಂದು ಪುಟವನ್ನು ತೆರೆದು ನೋಡಲಿ. ಅಲ್ಲಿ ಮಹಾಪ್ರಾಣವು ಸ್ಥಾನಭ್ರಷ್ಟವಾಗದಂತೆ ಎಷ್ಟು ಕಣ್ಣುಗಳು ಕಾದಿರಬೇಕೆಂಬುದು ತಾನಾಗಿಯೇ ಹೊಳೆಯುವುದು. ಉದ್ಯಮದ ಮೊದಲನೆಯ ಅರ್ಥವೆಂದು ನಾನು ಹೇಳಿದುದು ಇದನ್ನೇ.

ಕೊನೆಯ ಗೋಷ್ಠಿಯಲ್ಲಿ ಬಾನು ಮುಷ್ತಾಕರ ಕಥೆಗಳಿಗೆ ದೊರೆತ ಕೀರ್ತಿಯನ್ನು ಎಲ್ಲರೂ ಕೊಂಡಾಡಿದರು. ದೀಪಾ ಭಾಸ್ತಿಯವರು ಇಂಗ್ಲೀಷಿಗೆ ತಂದ ಹನ್ನೆರಡು ಕಥೆಗಳ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು; 50,000 ಪೌಂಡುಗಳು ಕಥೆಗಾರ್ತಿಗೂ ಅನುವಾದಕಿಗೂ ಸಮನಾಗಿ ಹಂಚಿಹೋದುವು. ಕನ್ನಡ ಪುಸ್ತಕಗಳನ್ನೆಲ್ಲ ಇಂಗ್ಲೀಷಿಗೆ ಭಾಷಾಂತರಿಸಬೇಕೆಂಬ ಪಾಠವನ್ನು ಸಭೆಯು ಇದರಿಂದ ಕಲಿತುಕೊಂಡಿತು. ಹರ್ಷಪಡತಕ್ಕ ಸಂಗತಿಯೇ. ಆದರೆ ಆ ಪುಸ್ತಕವನ್ನು ಅಚ್ಚುಹಾಕಿದವರು ಯಾರೆಂದು ಒಬ್ಬರಾದರೂ ಕೇಳಬೇಡವೇ? ಆ್ಯಂಡ್ ಅದರ್ ಸ್ಟೋರೀಸ್ ಎಂಬುದು ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದ ಒಂದು ಸಣ್ಣ ಪ್ರಕಾಶನಸಂಸ್ಥೆ. ಪುಸ್ತಕ ಹೊರಡುವ ಮೊದಲೇ ಚಂದಾ ಕೊಟ್ಟ ವಾಚಕರು ಅದಕ್ಕೆ ಆಧಾರ. ಅಂಥ ಚಂದಾದಾರರ ಹೆಸರುಗಳನ್ನು ಅವರು ಪುಸ್ತಕದ ಕೊನೆಯ ಪುಟಗಳಲ್ಲಿ ವಂದನೆಯೊಡನೆ ಅಚ್ಚುಹಾಕುತ್ತಾರೆ.

ಇದನ್ನು ಕೇಳಿ ಧಾರವಾಡದ ಕಡೆಯವರು ನಕ್ಕಾರು. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಪ್ರಾರಂಭಿಸಿದುದು ಚಂದಾದಾರರನ್ನು ನಂಬಿಯೇ ಅಲ್ಲವೇ? ಅದಕ್ಕೂ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮನೆಮನೆಗೆ ಓದುವ ರುಚಿಯನ್ನು ಹತ್ತಿಸಿದರು. ಮಾಸ್ತಿಯವರೂ ಕಾರಂತರೂ ತಮ್ಮ ಗ್ರಂಥಗಳನ್ನು ತಾವೇ ಪ್ರಕಟಿಸಿದವರು. ಇವರಲ್ಲಿ ಯಾರೂ ಸಮಿತಿಯ ಆಯ್ಕೆಗಾಗಿ ಕಾದು ಕುಳಿತಿರಲಿಲ್ಲ. ನಮ್ಮ ಮನೆಯ ಹಿತ್ತಲಿನ ಗಿಡವನ್ನು ಪರದೇಶದವರು ಮದ್ದೆಂದು ತೋರಿಸಿದರೂ ನಾವು ಗುರುತಿಸಲಿಲ್ಲ. ಕಾಲ ಬದಲಾಗಿದೆ, ಈಗ ಯಾರು ಮುಂಗಡ ಕೊಡುವರು ಎಂಬ ಆಕ್ಷೇಪವನ್ನು ಪಕ್ಕದಲ್ಲಿ ಕುಳಿತಿದ್ದ ವ್ಯಾಪಾರಿಯೊಬ್ಬರು ನನ್ನ ಕಿವಿಯಲ್ಲಿ ಹೇಳಿದರು. ಮದುವೆಯ ಕರೆಯೋಲೆಗೆ ಮನೆಯೊಂದು ಮಾಡುವ ವೆಚ್ಚದಲ್ಲಿ ಎಷ್ಟು ಪುಸ್ತಕಗಳು ಬರುತ್ತವೆಂದು ಅವರನ್ನು ಕೇಳಿದೆನು. ಅವರು ಲೆಕ್ಕ ಹಾಕತೊಡಗಿದರು. ಅಷ್ಟರಲ್ಲಿ ವಂದನಾರ್ಪಣೆ ಮೊದಲಾಯಿತು.

ಈ ವಿಚಾರವು ನಮಗೆ ದೂರದ್ದಲ್ಲ. ಈ ಜಿಲ್ಲೆಯ ಹಳ್ಳಿಗಳಲ್ಲಿ ಹಾಡಲ್ಪಡುವ ತತ್ತ್ವಪದಗಳ ಸಂಗ್ರಹವನ್ನು ಅಚ್ಚುಹಾಕಿಸಬೇಕೆಂದು ನಮ್ಮ ಸಂಘವು ಎರಡು ವರ್ಷಗಳಿಂದ ಯೋಚಿಸುತ್ತಿದೆ. ಹಾಡಿದವರಲ್ಲಿ ಇಬ್ಬರು ಈಗಾಗಲೇ ಕಾಲವಾಗಿದ್ದಾರೆ. ಅವರ ಪಾಠಗಳು ನಾಲ್ಕು ನೋಟ್‌ಬುಕ್ಕುಗಳಲ್ಲಿ ಮಾತ್ರ ಉಳಿದಿವೆ. ಸಗಟು ಖರೀದಿಗೆ ಅರ್ಜಿ ಹಾಕಿ, ಮಂಜೂರಾದ ಮೇಲೆ ಅಚ್ಚಿಗೆ ಕೊಡೋಣವೆಂಬುದು ಕಾರ್ಯಕಾರೀ ಸಮಿತಿಯ ಕೆಲವರ ಮತ. ಇನ್ನೂರೈವತ್ತು ಮನೆಗಳಿಂದ ಮುಂಗಡ ಚಂದಾ ಪಡೆದು, ಅದರಲ್ಲಿ ಒಂದು ಪಾಲನ್ನು ಕರಡು ತಿದ್ದುವುದಕ್ಕೂ ಪಾಠಾಂತರಗಳನ್ನು ಗುರುತಿಸುವುದಕ್ಕೂ ಮೀಸಲಿಟ್ಟು, ಮೊದಲಿಗೇ ಯೂನಿಕೋಡಿನಲ್ಲಿ ಜೋಡಿಸೋಣವೆಂಬುದು ನನ್ನ ಮತ. ಮುಂದಿನ ಪೂರ್ಣಿಮೆಯ ಸಭೆಯಲ್ಲಿ ಇದು ತೀರ್ಮಾನವಾಗತಕ್ಕದ್ದು. ಕಾರ್ಯದರ್ಶಿಗಳು ಸಂಘದ ವಾಚನಾಲಯದ ಮೇಜಿನ ಮೇಲೆ ಒಂದು ಪಟ್ಟಿಯನ್ನು ಇಟ್ಟಿದ್ದಾರೆ. ಮೊನ್ನೆ ನಾನು ನೋಡಿದಾಗ ಅದರಲ್ಲಿ ಹದಿನೇಳು ಹೆಸರುಗಳಿದ್ದುವು.