ಬಲೆ ಹೊದ್ದ ಟ್ಯಾಂಕು

ಮಾಡೆಲ್ ಟ್ಯಾಂಕ್ ಕಟ್ಟೋರು ಒಂದೊಂದು ಬೋಲ್ಟನ್ನೂ ಅಳತೆಗೆ ತಕ್ಕಂತೆ ಕೂರಿಸ್ತಾರೆ. ಮೇಲಿನ ಮರೆಬಲೆ ಮಾತ್ರ ಮದುಮಗಳ ಸೆರಗಿನಂಗೆ ನೀಟಾಗಿರುತ್ತೆ.

ಲೆಕ್ಕ ನೋಡ್ರಿ. 5 ಸೆಂ.ಮೀ. ಕಣ್ಣಿನ ಬಲೆ 1:35 ಅಳತೆಯಲ್ಲಿ ಸುಮಾರು 1.4 ಮಿ.ಮೀ. ಆಗುತ್ತೆ. ನೈಲಾನ್ ಸೊಳ್ಳೆಪರದೆ ಸೆಟೆದು ನಿಲ್ಲುತ್ತೆ. ಗಾಯಕ್ಕೆ ಕಟ್ಟೋ ಗಾಜ್ ಬಟ್ಟೆಯನ್ನ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹೊದಿಸಿದ್ರೆ ತಾನೇ ಜೋತುಬಿದ್ದು ಹಂಗೇ ಒಣಗುತ್ತೆ. ಬಣ್ಣ ಹಚ್ಚಿದ ಚಹಾಪುಡಿ ಉದುರಿಸಿದ್ರೆ ಎಲೆಚೂರು.

ನನ್ನ ದೊಡ್ಡ ತಕರಾರು ಬಣ್ಣದ್ದು. ಎಲ್ಲರದೂ ಅದೇ ಡಬ್ಬಿ ಹಸಿರು! ಮರೆಬಲೆಗೆ ಸ್ವಂತ ಬಣ್ಣ ಎಲ್ಲೈತೆ? ನಿಂತ ನೆಲದ ಬಣ್ಣವೇ ಅದರದು. ಸಿರುಗುಪ್ಪದ ಭತ್ತದ ಗದ್ದೆಗೆ ಹಸಿರು ಸರಿ, ಕೊಯ್ಲಾದ ಮೇಲೆ ಹುಲ್ಲಿನ ಬಣ್ಣ ಬೇಕು. ಕುರುಗೋಡಿನ ಬಂಡೆಗುಡ್ಡಕ್ಕೆ ಬೂದಿ-ಕಂದು, ಬಳ್ಳಾರಿಯ ಅದಿರು ಧೂಳಿಗೆ ಕೆಂಪು.

1971ರ ಡಿಸೆಂಬರ್‌ನಲ್ಲಿ ಲೋಂಗೆವಾಲಾದ ಬಯಲು ಮರಳಲ್ಲಿ ಪಾಕಿಸ್ತಾನದ ಟ್ಯಾಂಕುಗಳಿಗೆ ಮರೆಯೇ ಸಿಗಲಿಲ್ಲ. ಬೆಳಕು ಹರಿದ ಮೇಲೆ ನಮ್ಮ ಹಂಟರ್ ವಿಮಾನಗಳಿಗೆ ಅವು ಸಲೀಸಾಗಿ ಸಿಕ್ಕವು. ಬಲೆ ಇರೋದು ಒಳಗೆ ಕೂತವರ ಜೀವ ಉಳಿಸೋಕೆ. ಟ್ಯಾಂಕ್ ಚೆಂದ ಕಾಣಲಿ ಅಂತ ಬಲೆಯನ್ನ ಮೇಲೆತ್ತಿ ಕಟ್ಟಿದ ಮಾಡೆಲ್ ಎಷ್ಟೇ ನಾಜೂಕಾಗಿದ್ರೂ, ಅದರೊಳಗೆ ಮನುಷ್ಯರಿಲ್ಲ.